ಗಂಗವ್ವ ಹೇಳಿದ ಏಳು ದಿನ

ಗಂಗವ್ವನ ಕಣ್ಣು ಒಂದು ಕಡೆ, ಬೆರಳು ಒಂದು ಕಡೆ. ತಿಕೋಟಾದ ಶೆಡ್ಡಿನಲ್ಲಿ ಒಣದ್ರಾಕ್ಷಿ ಆರಿಸುತ್ತ ಮಗ್ಗುಲಲ್ಲಿದ್ದವಳೊಡನೆ ಜಗಳವಾಡುತ್ತಿದ್ದರೂ ಕಡ್ಡಿ, ಕಲ್ಲು ಅವಳ ಕೈಗೆ ಸಿಕ್ಕೇ ಸಿಗುತ್ತಿದ್ದವು. “ಕಣ್ಣ ಮೋಸ ಮಾಡ್ತಾವ್ರಿ ಅಕ್ಕೋರ, ಬೆರಳ ಮಾಡಂಗಿಲ್ಲ” ಎನ್ನುತ್ತಿದ್ದಳು.

ನನಗೆ ಅವಳ ಪರಿಚಯವಾದದ್ದು ವಿಜಯಪುರದ ಒಂದು ಆಸ್ಪತ್ರೆಯಲ್ಲಿ, ಡಿಎನ್‌ಎ ಲಸಿಕೆಯ ಟ್ರಯಲ್ ನಡೆದಾಗ. ಅಲ್ಲಿನ ಡಾಕ್ಟರು ನನ್ನ ಹಳೆಯ ಸ್ಟೂಡೆಂಟ್. “ಲಸಿಕಿ ಛಲೋನ ಅದರಿ ಮೇಡಂ. ಆದ್ರ ಸೂಜಿಲೆ ಕೊಟ್ರ ಸೆಲ್ ಒಳಗ ಹೋಗೂದ ಕಡಿಮಿ, ಶಕ್ತಿ ಬರಂಗಿಲ್ಲ. ಅದಕ್ಕ ಸೂಜಿ ಇಲ್ಲದ ಜೋರಾಗಿ ಚರ್ಮದೊಳಗ ಚಿಮ್ಮಿಸಿ ನೋಡಾಕತ್ತೀವಿ” ಎಂದಿದ್ದ. ಓದುಬರಹ ಬಾರದವರಿಗೆ ಕಾಗದ ಓದಿ ಹೇಳಲು, ಲಸಿಕೆಯ ನಂತರ ದಿನದಿನ ಆದದ್ದನ್ನು ಡೈರಿ ಕಾರ್ಡಿನಲ್ಲಿ ಬರೆಯಲು ಒಬ್ಬ ಸಾಕ್ಷಿ ಬೇಕಿತ್ತು. ರಿಟೈರ್ಡ್ ಇಂಗ್ಲಿಷ್ ಟೀಚರ್, ಕಾನ್ವೆಂಟಿನವಳು; ನಾನು ಹಿಗ್ಗಿಯೇ ಒಪ್ಪಿಕೊಂಡೆ.

ಉಳಿದವರೆಲ್ಲ “ಹೆಬ್ಬಟ್ಟ ಎಲ್ಲಿ ಒತ್ತೂದ್ರಿ?” ಎಂದು ಮುಗಿಸಿದರೆ, ಗಂಗವ್ವ ಒಪ್ಪಿಗೆ ಪತ್ರವನ್ನು ಮೂರು ಸಲ ಓದಿಸಿ ಡಾಕ್ಟರನ್ನೇ ಹಿಡಿದಳು.

“ಸೂಜಿ ಇಲ್ಲಂದ್ರ ಒಳಗ ಹ್ವಾದದ್ದು ನಿಮಗ ಹೆಂಗ ಗೊತ್ತಾಗ್ತದರಿ?”

“ಮುಂದ ರಕ್ತ ನೋಡಿದ್ರ ಗೊತ್ತಾಗ್ತದ. ಆದ್ರ ಏಳು ದಿನ ಬಾವು ಬಂತೋ, ಕೆಂಪಾತೋ, ನೀವ ಹೇಳಬೇಕು. ಅಕ್ಕೋರು ಅಂದಂದ ಬರಕೋತಾರ.”

“ಹೇಳ್ತೀನಿ ಬಿಡ್ರಿ. ಸುಳ್ಳ ಹೇಳಾಕ ನನಗ ಪುರಸೊತ್ತ ಇಲ್ಲ.”

ಅಂದೇ ತೋಳಿಗೆ ಲಸಿಕೆ ಹಾಕಿಸಿಕೊಂಡಳು. ಮರುದಿನದಿಂದ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ, ಜೋರಾಪುರ ಪೇಟೆಯ ನನ್ನ ಮನೆಗೆ ಶೆಡ್ಡಿನಿಂದ ಫೋನು. “ಅಕ್ಕೋರ, ಬರಕೋರಿ. ತೊಗರಿಬ್ಯಾಳಿಯಷ್ಟ ಬಾವು ಅದ.” ಎರಡನೆಯ ದಿನ ಕಡಲೆಕಾಳು. ಮೂರನೆಯ ದಿನ “ಒಣದ್ರಾಕ್ಷಿರಿ, ಅದೂ ಒಂದನೇ ನಂಬರಿಂದು” ಎಂದು ನಕ್ಕಳು. ಹಿಂದಿನಿಂದ ಯಾರೋ ಕೂಗಿದರು: “ನಾಳೆ ಲಿಂಬಿಕಾಯಿ ಆಗ್ತದ ಬೇ, ಉಪ್ಪಿನಕಾಯಿ ಹಾಕೂಣು!”

ಎಂಟು ಗಂಟೆಯೆಂದರೆ ನನ್ನ ಕಾಫಿ ಮತ್ತು ಕ್ರಾಸ್‌ವರ್ಡಿನ ಹೊತ್ತು. “ಹ್ಞೂಂ, ಬರಕೊಂಡೆ” ಎನ್ನುತ್ತಿದ್ದೆ. ಬರೆದುಕೊಳ್ಳುತ್ತಿರಲಿಲ್ಲ. ಕಾರ್ಡಿನಲ್ಲಿ ಮಿಲಿಮೀಟರ್ ಎಂದಿತ್ತು, ತೊಗರಿಬೇಳೆಯನ್ನು ಎಲ್ಲಿ ಹಾಕಲಿ? ಡಬ್ಬಿಯಿಂದ ಒಂದು ಬೇಳೆ ತೆಗೆದು ಸ್ಕೇಲಿನ ಮೇಲಿಟ್ಟಿದ್ದರೆ ಆಗುತ್ತಿತ್ತು. ಅರ್ಧ ನಿಮಿಷದ ಕೆಲಸ. ಏಳನೆಯ ದಿನ ಒಂದೇ ಸಲಕ್ಕೆ ಕೂತು, ಸಿಸ್ಟರ್‌ಗಳು ಕಲಿಸಿದ ಚೆಂದದ ಕರ್ಸಿವ್‌ನಲ್ಲಿ, ಏಳೂ ಸಾಲಿಗೆ ‘ನಿಲ್’, ಏನೂ ಇಲ್ಲ, ಎಂದು ಬರೆದೆ.

ಎಂಟನೆಯ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಗಂಗವ್ವನನ್ನೇ ಕೇಳಿದ. ಅವಳು ಬೆರಳು ಮಡಚುತ್ತ ಏಳೂ ದಿನ ಒಪ್ಪಿಸಿದಳು. ಅವನ ಕಣ್ಣು ಕಾರ್ಡಿನ ಮೇಲೆಯೇ ಇತ್ತು.

“ಮೇಡಂ, ಈ ಬಾವಿನ ವಿಷಯ ನಿಮಗ ಹೇಳಿದ್ಲೇನ್ರಿ?”

“ಇಲ್ಲ.”

“ದಿನಾ ಫೋನ್ ಮಾಡೀನಲ್ರಿ ಅಕ್ಕೋರ!”

“ಫೋನ್ ಮಾಡಿದ್ಲು,” ಎಂದೆ ನಾನು. “ಆರಾಮ ಅದೀನಿ ಅಂತಷ್ಟ ಅಂದ್ಲು.”

ಈ ಮಾತು ನನ್ನ ಬಾಯಿಂದ ಎಷ್ಟು ಸಲೀಸಾಗಿ ಬಂತು! ಡಾಕ್ಟರು ನನಗೇ “ಸಾರಿ ಮೇಡಂ” ಎಂದ. ಬಾಯಿಮಾತಿಗೂ ಬರಹಕ್ಕೂ ತಾಳೆಯಿಲ್ಲವೆಂದು ಅವಳ ಕಾರ್ಡನ್ನು ಲೆಕ್ಕಕ್ಕೆ ಹಿಡಿಯದೆ ಬದಿಗಿಟ್ಟ. ಬಾಗಿಲವರೆಗೂ ಹೋದ ಗಂಗವ್ವ ತಿರುಗಿ, “ಹಂಗಾರ ನಾನ ಹೇಳಿರಲಿಕ್ಕಿಲ್ಲ ಬಿಡ್ರಿ. ಕಲಿತೋರು ಯಾಕ ಸುಳ್ಳ ಹೇಳ್ತಾರ” ಎಂದಳು. ಅದು ಚುಚ್ಚುಮಾತೋ ನಂಬಿಕೆಯೋ, ನನಗೆ ಇವತ್ತಿಗೂ ತಿಳಿದಿಲ್ಲ.

ಗಂಗವ್ವ ಈಗಿಲ್ಲ. ಆಸ್ಪತ್ರೆಯ ಆ ಮಾತಾಗಿ ತಿಂಗಳೊಪ್ಪತ್ತಿಗೆ, ತಪ್ಪೊಪ್ಪಿಕೊಳ್ಳಲೆಂದೇ ಬಸ್ಸು ಹತ್ತಿ ತಿಕೋಟಾಕ್ಕೆ ಹೋಗಿದ್ದೆ. ಅದೇ ಕೊನೆಯ ಭೇಟಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಶೆಡ್ಡಿನ ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅವಳು ಎದ್ದು ನಿಂತಳು.

“ನಾ ಫೋನಿನ್ಯಾಗ ಹೇಳೂದ ಕೇಳಿಸಿಕೊಂಡೂ ಇವರೆಲ್ಲಾ, ಕಲಿತೋರು ಬರದದ್ದ ಖರೆ ಅಂತ, ನನಗ ಸುಳ್ಳಬುರಕಿ ಅಂತಾರ್ರಿ. ನೀವ ಹೇಳ್ರಿ ಅಕ್ಕೋರ, ನಾ ಹೇಳಿದ್ದೆನೋ ಇಲ್ಲೋ?”

ಅಷ್ಟೂ ಹೆಣ್ಣುಮಕ್ಕಳ ಕೈ ನಿಂತವು. ಎಲ್ಲರೂ ನನ್ನತ್ತ ನೋಡುತ್ತಿದ್ದರು.

“ಹೋಗ್ಲಿ ಬಿಡು ಗಂಗವ್ವ,” ಎಂದೆ. “ಕೆಲಸದ ಗದ್ದಲದಾಗ ಮರೀತದ. ನಾ ಏನೂ ಮನಸಿಗೆ ಹಚ್ಚಿಕೊಂಡಿಲ್ಲ.”

ಗಂಗವ್ವ “ಆತ್ರಿ” ಎಂದು ಕೂತಳು. “ಅಕ್ಕೋರದು ದೊಡ್ಡ ಮನಸ ನೋಡ್ರಿ” ಎಂದಳು ಒಬ್ಬಳು. ಇನ್ನೊಬ್ಬಳು ನನಗಾಗಿ ಕುರ್ಚಿ ತಂದು, ಸೆರಗಿನಿಂದ ಒರೆಸಿ ಹಾಕಿದಳು.

ನಾನು ಕುಳಿತೆ.