ದೆಲಿಮಾಳ ಹಗ್ಗದ ಮೇಲಿನ ಪುಟ್ಟ ಅಂಗಿಗಳು

ದೆಲಿಮಾಳಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ನಮ್ಮ ಓಣಿಯವರೆಲ್ಲ ಆಡಿಕೊಳ್ಳುತ್ತಿದ್ದರು. ಗಿರಣಿಯ ಮನೆಯಲ್ಲಿ ಬಾಳಿಯೂ ಹೊಟ್ಟೆಕಿಚ್ಚಿಲ್ಲ ಎನ್ನುವವರನ್ನು ನಾನಂತೂ ನಂಬುವುದಿಲ್ಲ. ಪಕ್ಕದವರ ಬಟಾಣಿ ಸಾರಿಗೆ ಹಂದಿಮಾಂಸ ಬಿದ್ದರೆ ವಾಸನೆ ಗೋಡೆ ದಾಟಿ ನಮ್ಮ ಮೂಗಿಗೆ ಬರುತ್ತಿತ್ತು.

ಕೆನಡಾದ ಕ್ವಿಬೆಕ್‌ನ ಹೊಲ ಬಿಟ್ಟು ಅಮೆರಿಕದ ರೋಡ್ ಐಲೆಂಡಿನ ಈ ಹತ್ತಿಗಿರಣಿಗೆ ಬಂದವರು ನಾವೆಲ್ಲ. ಮನೆ ಗಿರಣಿಯದು, ಹೆಚ್ಚು ಕೈ ಒದಗಿಸಿದ ಸಂಸಾರಕ್ಕೆ ಹೆಚ್ಚು ಕೋಣೆ. ಕೈ ಎಂದರೆ ದುಡಿಯುವ ಜನ, ಮಗ್ಗದ ಮುಂದೆ ನಿಲ್ಲುವಷ್ಟು ಬೆಳೆದ ಮಕ್ಕಳೂ ಸೇರಿ. ದೆಲಿಮಾ ಮತ್ತು ಗಂಡ ಓವಿಲಾ ಇಬ್ಬರೇ. ಮದುವೆಯಾಗಿ ಎಷ್ಟೋ ವರ್ಷವಾದರೂ ಅವರ ಮನೆಯಲ್ಲಿ ತೊಟ್ಟಿಲು ತೂಗಲಿಲ್ಲ. ಹಾಗಾಗಿ ಸಿಕ್ಕಿದ್ದು ಸೂರಿನಡಿಯ ಎರಡು ಕೋಣೆ, ಬೇಸಿಗೆಯಲ್ಲಿ ಕಾದ ಕಾವಲಿ. ಕೆಳಗೆ ಜಗಲಿಯಿದ್ದ ದೊಡ್ಡ ಮನೆ ಅಲ್ಬೀನಾಳದು. ಅವಳಿಗೆ ಮನೆತುಂಬ ಮಕ್ಕಳು. ಹೊಸದೊಂದು ಹುಟ್ಟಿದಾಗಲೆಲ್ಲ ದೆಲಿಮಾ ಬಾಣಂತಿಗೆ ಸಾರು ಕೊಟ್ಟು, ಮೇಲೆ ಬಂದು ಪಾತ್ರೆ ಕುಕ್ಕುತ್ತಿದ್ದಳು.

"ಅವಳು ಹೆರ್ತಾಳೆ, ಗಿರಣಿಯವ್ರು ಕೋಣೆ ಕೊಡ್ತಾರೆ. ನಾನು ಎಷ್ಟು ದುಡಿದ್ರೂ ಅಟ್ಟವೇ ಗತಿ," ಎಂದು ನನ್ನ ಮುಂದೆ ಉರಿದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಅಲ್ಬೀನಾಳ ಪಕ್ಕದ ಜಗಲಿಮನೆ ಖಾಲಿಯಾಯಿತು. ಮನೆಗಳ ಉಸ್ತುವಾರಿಯ ಕಾಲ್ಡರ್ ಸಾಹೇಬನಿಗೆ ನಮ್ಮ ಫ್ರೆಂಚ್ ಬಾರದು. ಸೋಮವಾರ ಹಿತ್ತಲಲ್ಲಿ ಒಣಹಾಕಿದ ಬಟ್ಟೆ ನೋಡಿಯೇ ಯಾರ ಮನೆಯಲ್ಲಿ ಎಷ್ಟು ಜನ ಎಂದು ತಿಳಿಯುತ್ತಾನೆ ಎಂಬುದು ನಮ್ಮ ಹೆಂಗಸರ ನಂಬಿಕೆ. ಆ ಸೋಮವಾರ ದೆಲಿಮಾಳ ಹಗ್ಗ ತುಂಬಿತ್ತು. ಗಂಡನ ಹಳೆ ಷರಟು, ತನ್ನ ಏಪ್ರನ್ನು, ಪಕ್ಕದಲ್ಲಿ ಪುಟ್ಟ ಪುಟ್ಟ ಅಂಗಿ. ಹುಟ್ಟಲಿರುವ ಮಕ್ಕಳಿಗೆಂದು ಮದುವೆಯ ಹೊಸತರಲ್ಲಿ ಹೊಲಿದು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದಳಂತೆ. ಅಂಥವು ಅವಳ ಬಳಿ ಇವೆ ಎಂದು ನನಗೂ ಗೊತ್ತಿರಲಿಲ್ಲ.

ಕಾಲ್ಡರ್ ಬಂದು ನೋಡಿದ. ಮಕ್ಕಳಿದ್ದಾರೆ, ದೊಡ್ಡ ಮನೆ ಕೊಡೋಣ ಎಂದಲ್ಲ, ಅವನಿಗೆ ಹೊಳೆದದ್ದೇ ಬೇರೆ. ಎರಡು ಕೋಣೆಯಲ್ಲಿ ಕದ್ದು ಇನ್ನೊಂದು ಸಂಸಾರ ಇಟ್ಟುಕೊಂಡಿದ್ದಾಳೆ, ಸಾಮಾನು ಬೀದಿಗೆ ಹಾಕಿಸುತ್ತೇನೆ ಎಂದು ಕೂಗಾಡಿದ. ಇಂಗ್ಲಿಷ್ ಬರುತ್ತಿದ್ದ ಅಲ್ಬೀನಾಳ ದೊಡ್ಡ ಮಗಳು ಅವನ ಮಾತನ್ನು ತಿಳಿಸಿ ಹೇಳಿದಳು: ಈ ಮಕ್ಕಳು ಯಾರವು ಅಂತ ಕೇಳ್ತಿದ್ದಾನೆ.

ಹಿತ್ತಲೆಲ್ಲ ಕಿವಿಯಾಯಿತು. ಮಕ್ಕಳೇ ಇಲ್ಲ ಎಂಬ ನಿಜ ಹೇಳಿದರೆ ಇದ್ದ ಮನೆಯಾದರೂ ಉಳಿಯುತ್ತಿತ್ತು. ಆದರೆ ಅದನ್ನು ಅಲ್ಬೀನಾಳ ಎದುರಿಗೆ, ಅಲ್ಬೀನಾಳ ಮಗಳ ಬಾಯಲ್ಲೇ ಹೇಳಿಸಬೇಕಿತ್ತು. ದೆಲಿಮಾ ಹಗ್ಗದ ಮೇಲಿನ ಏಪ್ರನ್ನಿನ ಸುಕ್ಕು ಬಿಡಿಸತೊಡಗಿದಳು.

"ಅವು ನಮ್ಮವು ಅಂತ ಹೇಳೇ," ಎಂದಳು ಅಲ್ಬೀನಾ ಮಗಳಿಗೆ. "ನಮ್ಮ ಹಗ್ಗದಲ್ಲಿ ಜಾಗ ಇರ್ಲಿಲ್ಲ, ಅವಳದ್ರ ಮೇಲೆ ಹಾಕಿದ್ವಿ."

ಕಾಲ್ಡರ್ ಗೊಣಗಿದ, ಆದರೆ ಕದಲಲಿಲ್ಲ. ಅವನು ನೋಡುತ್ತಿದ್ದಂತೆ ದೆಲಿಮಾ ಅಂಗಿಗಳನ್ನು ಒಂದೊಂದಾಗಿ ತೆಗೆದು, ಮಡಚಿ, ಅಲ್ಬೀನಾಳ ಬುಟ್ಟಿಗೆ ಹಾಕಬೇಕಾಯಿತು. ಸಂಜೆ ಅಲ್ಬೀನಾ ಅವನ್ನು ಹಿಂದಿರುಗಿಸಲು ಮೇಲೆ ಬಂದಳು.

"ನಿನ್ನವೇ ಅಂದ್ಯಲ್ಲ, ಇಟ್ಕೋ," ಎಂದು ದೆಲಿಮಾ ಬಾಗಿಲು ಹಾಕಿಕೊಂಡಳು.

ಜಗಲಿಮನೆ ಯಾರೋ ಮಕ್ಕಳೊಂದಿಗರ ಪಾಲಾಯಿತು. ಮುಂದಿನ ಸೋಮವಾರ ಪುಟ್ಟ ಅಂಗಿಗಳು ಅಲ್ಬೀನಾಳ ಹಗ್ಗದ ಮೇಲಿದ್ದವು. ಅವಳ ಕಿರಿಯ ಮಗ ಹಾಕಿಕೊಂಡು ಮಣ್ಣಲ್ಲಿ ಹೊರಳಾಡಿದ್ದ. ದೆಲಿಮಾ ಅಟ್ಟದ ಕಿಟಕಿಯಿಂದ ತುಂಬಾ ಹೊತ್ತು ನೋಡಿದಳು.

"ಅವಳಿಗೆ ಒಗೆಯೋಕೂ ಬರಲ್ಲ," ಎಂದಳು ಪಕ್ಕದಲ್ಲಿದ್ದ ನನಗೆ. "ಕೊರಳು ನೋಡು, ಕೊಳೆ ಹಾಗೇ ಇದೆ."