ಕಿವಿಯಿಂದ ನೋಡಿದ ಕೊನೆಯ ಕಂತು

ಹಾಸನದಿಂದ ಹೊಳೆನರಸೀಪುರಕ್ಕೆ ಬೆಳಗಿನ ರೈಲಿನಲ್ಲಿ ಹೋಗಿಬರುವ ಪಾಸಿನವರು ನಾವು. ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಎದುರು ಸೀಟಿನಲ್ಲಿ ಪ್ರೌಢಶಾಲೆಯ ಹೆಡ್‌ಮಾಸ್ಟರು ಕೂರುತ್ತಾರೆ. ಅವರ ಪಕ್ಕದಲ್ಲಿ ಬ್ಯಾಂಕಿನಲ್ಲಿ ಕೆಲಸ ಮಾಡುವ ಒಬ್ಬ ಮೇಡಂ, ಚನ್ನರಾಯಪಟ್ಟಣದ ಕಡೆಯವರು. ಮೊದಮೊದಲು ನಮ್ಮ ಮಾತೆಲ್ಲ ವರ್ಗಾವಣೆ, ತುಟ್ಟಿಭತ್ಯೆ, ಮಕ್ಕಳ ಟ್ಯೂಷನ್ನು ಇಷ್ಟರಲ್ಲೇ ಇತ್ತು. ಅದು ಯಾವಾಗ ವೆಬ್ ಸೀರೀಸ್‌ಗಳ ಕಡೆ ತಿರುಗಿತೋ ತಿಳಿಯದು. ಕೊರೊನಾ ಮುಗಿದು ರೈಲು ಮತ್ತೆ ಶುರುವಾದ ಮೇಲೆ ಎಂದು ನನ್ನ ನೆನಪು. ಅದಕ್ಕೂ ಮೊದಲೇ ಎಂದು ಹೆಡ್‌ಮಾಸ್ಟರ ವಾದ. ಇಬ್ಬರ ಹತ್ತಿರವೂ ದಾಖಲೆ ಇಲ್ಲ.

ಯಾರೇ ಒಂದು ಸೀರೀಸ್ ಚೆನ್ನಾಗಿದೆ ಎಂದರೂ ಮೇಡಂ ಕೇಳುತ್ತಿದ್ದ ಮೊದಲ ಪ್ರಶ್ನೆ ಒಂದೇ: "ಮನೇಲಿ ಎಲ್ರೂ ಕೂತು ನೋಡಬಹುದಾ?" ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನಮ್ಮ ಬೋಗಿಯಲ್ಲಿ ಒಂದು ಪದ್ಧತಿಯೇ ಹುಟ್ಟಿಕೊಂಡಿತು. ಅತ್ತೆ ಮಾವ ಮಕ್ಕಳ ಜೊತೆ ನೋಡುವಂಥದು 'ಹಾಲ್'. ಗಂಡ ಹೆಂಡತಿ ಬಾಗಿಲು ಹಾಕಿಕೊಂಡು ನೋಡುವಂಥದು 'ರೂಮ್'. ಒಬ್ಬರೇ ನೋಡಿ ಯಾರಿಗೂ ಹೇಳದೆ ಇರಬೇಕಾದ್ದು 'ಇಯರ್‌ಫೋನ್'. ಶಿಫಾರಸು ಮಾಡುವವರು ಕೊನೆಯ ಕಂತಿನವರೆಗೂ ನೋಡಿರಬೇಕು, ದರ್ಜೆ ಹೇಳಿ ಅದಕ್ಕೆ ಜವಾಬ್ದಾರರಾಗಿರಬೇಕು. ತಪ್ಪಿದರೆ ಒಂದು ತಿಂಗಳು ಬಾಯಿ ಬಿಡುವಂತಿಲ್ಲ.

ಹೆಡ್‌ಮಾಸ್ಟರು ಒಮ್ಮೆ ಐದು ಕಂತು ಮಾತ್ರ ನೋಡಿ 'ಹಾಲ್' ಎಂದುಬಿಟ್ಟಿದ್ದರು. ಮೇಡಂ ಮನೆಯಲ್ಲಿ ಅತ್ತೆ, ಭಾವ, ಓರಗಿತ್ತಿ ಎಲ್ಲರನ್ನೂ ಕೂರಿಸಿ ಹಾಕಿದರಂತೆ. ಆರನೇ ಕಂತಿನ ಒಂದು ದೃಶ್ಯಕ್ಕೆ ಮನೆಯವರೆಲ್ಲ ಒಟ್ಟಿಗೆ ಬಾಯಾರಿಕೆ ಎಂದು ಎದ್ದು ಅಡುಗೆಮನೆಗೆ ಹೋದರಂತೆ.

"ನಮ್ಮ ಭಾವ ಇವತ್ತಿಗೂ ನನ್ನ ಮುಖ ನೋಡಿ ಮಾತಾಡಲ್ಲ ಸಾರ್," ಎಂದರು ಮೇಡಂ.

"ಐದ್ರಗಂಟ ದೇವ್ರಂಗಿತ್ತು ಕಣಮ್ಮ," ಎಂದು ಹೆಡ್‌ಮಾಸ್ಟರು ಗೊಣಗಿದರು. "ಆರ್ನೇದ್ರಲ್ಲಿ ಇಂಗ್ ಬುದ್ಧಿ ಕೆಡ್ತದೆ ಅಂತ ನಂಗೇನ್ ಗೊತ್ತು?"

ನನ್ನ ದರ್ಜೆ ಮಾತ್ರ ಒಮ್ಮೆಯೂ ತಪ್ಪಿರಲಿಲ್ಲ. ನಾನು ಹಾಲ್ ಎಂದರೆ ಹಾಲ್. ಸುಮ್ಮನೆ ಚೆನ್ನಾಗಿದೆ ಎನ್ನುವ ಜಾಯಮಾನವೂ ನನ್ನದಲ್ಲ. ಯಾವ ಪಾತ್ರ ಎಲ್ಲಿ ಸುಳ್ಳು ಹೇಳಿತು, ಯಾವ ಮೌನಕ್ಕೆ ಏನರ್ಥ ಎಂದು ಬಿಡಿಸಿ ಹೇಳುತ್ತಿದ್ದೆ. ಪಕ್ಕದ ಸಾಲಿನವರೂ ಕತ್ತು ಚಾಚಿ ಕೇಳುತ್ತಿದ್ದರು. "ಮೇಷ್ಟ್ರು ಏಳೋದು ಕೇಳುದ್ ಮ್ಯಾಲೆ ಸೀರೀಸ್ ನೋಡುದ್ರೆ ಸಪ್ಪೆ ಅನ್ಸುತ್ತೆ," ಎಂದು ಒಬ್ಬರು ಹೇಳಿದ್ದು ನೆನಪಿದೆ. ಹೊಗಳಿಕೆ ಚೆನ್ನಾಗಿ ನೆನಪಿರುತ್ತದೆ, ಅದು ನನ್ನ ವಿದ್ಯಾರ್ಥಿಗಳಿಗೂ ನಾನು ಹೇಳುವ ಮಾತು. ಆ ಹೊಗಳಿಕೆಯಲ್ಲಿ ಒಂದು ಸುಳಿವಿತ್ತು: ನಾನು ಹೇಳುತ್ತಿದ್ದುದೆಲ್ಲ ಪರದೆಯ ಮೇಲೆ ಕಾಣುತ್ತಿರಲಿಲ್ಲ. ನಾನು ಅದನ್ನು ಗಮನಿಸದೆ ಬೀಗಿದೆ.

ಕಳೆದ ವರ್ಷ ನಾನು ಶಿಫಾರಸು ಮಾಡಿದ ಒಂದು ಸೀರೀಸ್ ನಮ್ಮ ಬೋಗಿಯಲ್ಲಿ ತುಂಬ ಓಡಿತು. ಮಲಯಾಳದ್ದು, ಕನ್ನಡಕ್ಕೆ ಡಬ್ ಆಗಿತ್ತು. ಗಂಡ ಸತ್ತ ಮೇಲೆ ಅನುಕಂಪದ ಆಧಾರದ ಮೇಲೆ ಅವನ ಕಚೇರಿಯಲ್ಲೇ ಕೆಲಸಕ್ಕೆ ಸೇರುವ ಒಬ್ಬ ಹೆಂಗಸಿನ ಕಥೆ. ಕೊನೆಯ ದೃಶ್ಯದಲ್ಲಿ ಅವಳು ಮನೆಗೆ ಬೀಗ ಹಾಕಿ ಹೊರಡುತ್ತಾಳೆ, ಅಷ್ಟೆ, ಒಂದು ಮಾತೂ ಇಲ್ಲ. ಮುಗಿಯಿತೋ ಇಲ್ಲವೋ ಎಂದು ಮೇಡಂ ತಬ್ಬಿಬ್ಬಾಗಿದ್ದರು. ನಾನು ವಿವರಿಸಿದೆ. ಏಳು ಕಂತು ಬಣ್ಣಗೆಟ್ಟ ಸೀರೆಯಲ್ಲೇ ಇದ್ದವಳು ಕೊನೆಗೆ ಗಿಣಿಹಸಿರು ಸೀರೆ ಉಟ್ಟು ಹೊರಬರುತ್ತಾಳೆ, ಬದುಕುವ ಮನಸ್ಸು ಮಾಡಿದ್ದಾಳೆ, ಇನ್ನು ಮಾತು ಯಾಕೆ ಬೇಕು? ಮೇಡಂ ಚನ್ನರಾಯಪಟ್ಟಣದಲ್ಲಿರುವ ತಮ್ಮ ಅಕ್ಕನಿಗೆ ಅಲ್ಲಿಂದಲೇ ಫೋನ್ ಮಾಡಿದರು. ಅಕ್ಕ ಅಲ್ಲಿನ ಒಂದು ಮಹಿಳಾ ಸಂಘದ ಕಾರ್ಯದರ್ಶಿ. ಮನೆಯಲ್ಲಿ ಯಾವುದನ್ನು ನೋಡಬೇಕು, ಹೇಗೆ ನೋಡಬೇಕು ಎಂದು ಮಾತಾಡಲು ಯಾರನ್ನಾದರೂ ಕರೆಸಬೇಕೆಂದು ಅವರು ಹುಡುಕುತ್ತಿದ್ದರಂತೆ. ಮೊಸಳೆಹೊಸಳ್ಳಿ ದಾಟುವ ಹೊತ್ತಿಗೆ ನಾನು ಮುಖ್ಯ ಭಾಷಣಕಾರನಾಗಿದ್ದೆ.

ಎರಡು ದಿನ ಬಿಟ್ಟು ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಳ್ಳುತ್ತ ಹೇಳಿದರು: "ಸಾ, ಬೇಜಾರ್ ಮಾಡ್ಕೋಬ್ಯಾಡಿ. ಆ ಸೀರೆ ಹಸಿರಲ್ಲ. ಬೂದಿ ಬಣ್ಣದ್ದು. ಮೊದ್ಲಿಂದ ಉಟ್ಟಿದ್ದಂಥದ್ದೇ."

"ನಾನೇ ಕಣ್ಣಾರೆ ನೋಡಿದೀನಿ," ಎಂದೆ.

"ನಾನೂ ಕಣ್ಣಲ್ಲೇ ನೋಡಿದ್ದು ಸಾ."

ತರಗತಿಯಲ್ಲಿ ಹುಡುಗರು ಏನೇ ಹೇಳಿದರೂ ಆಧಾರ ಏನು ಎಂದು ಕೇಳುವವನು ನಾನು. ನನ್ನ ಕಣ್ಣ ಮುಂದೆ ಆ ಹಸಿರು ಸ್ಪಷ್ಟವಾಗಿತ್ತು. ಸೆರಗಿನ ಸಣ್ಣ ಅಂಚು, ಬೀಗ ತಿರುಗಿಸುವಾಗ ಅದು ಜಾರಿದ್ದು, ಎಲ್ಲವೂ. ಅಷ್ಟು ಸ್ಪಷ್ಟವಾಗಿದ್ದುದೇ ಅನುಮಾನ ಹುಟ್ಟಿಸಿತು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಟಿವಿ ಮುಂದೆ ಕೂತು ಆ ಕೊನೆಯ ಕಂತನ್ನು ಮತ್ತೆ ಹಾಕಿದೆ.

ನಮ್ಮ ಮನೆಯ ಹಾಲ್ ಬಗ್ಗೆ ಹೇಳಬೇಕು. ನನ್ನ ಹೆಂಡತಿ ಬ್ಲೌಸ್ ಹೊಲಿಯುತ್ತಾಳೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದವಳು, ಹೊಲಿಗೆ ಅಲ್ಲೇ ಕಲಿತದ್ದು. ಬೆಳಕಿಗೆಂದು ಮಷೀನು ಕಿಟಕಿಯ ಕಡೆ ಮುಖ ಮಾಡಿದೆ, ಹಾಗಾಗಿ ಅವಳ ಬೆನ್ನು ಟಿವಿಗೆ. ಸಂಜೆ ನಾನು ಬಂದು ಕಾಫಿ ಕುಡಿದು ದಿವಾನದ ಮೇಲೆ ಒರಗಿ ಸೀರೀಸ್ ಹಾಕುತ್ತೇನೆ, ಅವಳು ಹೊಲಿಯುತ್ತಿರುತ್ತಾಳೆ. ಇಬ್ಬರೂ ಒಟ್ಟಿಗೆ ನೋಡುತ್ತೇವೆ ಎಂದೇ ನಾನು ಎಲ್ಲರಿಗೂ ಹೇಳುತ್ತಿದ್ದೆ.

ಪರದೆಯ ಮೇಲೆ ಆ ಹೆಂಗಸು ಬೀಗ ಹಾಕಿದಳು. ಸೀರೆ ಬೂದಿ ಬಣ್ಣದ್ದು. ಮತ್ತೆ ಹಿಂದಕ್ಕೆ ತಿರುಗಿಸಿ ನೋಡಿದೆ. ಬೂದಿಯೇ.

"ಏನ್ರೀ ಅದು, ಅದುನ್ನೇ ಎಷ್ಟ್ ಸಲ ಆಕ್ತೀರ?" ಎಂದಳು ಹೆಂಡತಿ, ತಿರುಗದೆ.

"ಇವಳು ಹಸಿರು ಸೀರೆ ಉಟ್ಟಿದ್ದಳು ಕಣೇ."

"ಯಾರಂದ್ರು?"

"ಯಾರು ಅನ್ನೋದೇನು, ನಾನೇ ನೋಡಿದೀನಿ."

ಮಷೀನು ನಿಂತಿತು. "ನೀವೆಲ್ಲಿ ನೋಡುದ್ರಿ? ಅರ್ಧ ಆಗೋ ಒತ್ಗೇ ಗೊರ್ಕೆ ಒಡೀತಿದ್ರಿ. ಬೆಳಗ್ಗೆ ಡಬ್ಬಿ ಕಟ್ಟುವಾಗ ಕೊನೆಗೇನಾಯ್ತೇ, ಕೊನೆಗೇನಾಯ್ತೇ ಅಂತ ಪ್ರಾಣ ತಿಂದ್ರಿ. ನಾನೇಳ್ದೆ."

"ಹಸಿರು ಅಂತ ಹೇಳಿದ್ದೂ ನೀನೇನಾ?"

"ಏಳಿರ್ತೀನಿ. ಆ ವಾರ ಮದ್ವೆ ಬ್ಲೌಸು, ಎಲ್ಲಾ ಗಿಣಿಹಸಿರು. ಕಣ್ ತುಂಬಾ ಅದೇ ಇತ್ತು. ನಾನ್ಯಾವತ್ತು ಆ ಕಡೆ ತಿರುಗ್ ನೋಡಿದೀನಿ? ಬಾಬಿನ್ ದಾರ ಕಾಲಿ ಆದಾಗ ಒಂದ್ ಸಲ."

ಅಂದರೆ ನಾನು ಕಂಡದ್ದು ಅವಳ ಮಷೀನಿನ ಮೇಲಿದ್ದ ಬಟ್ಟೆ. ಪ್ರಾಧ್ಯಾಪಕನ ಜಂಬಕ್ಕೆ ಪೆಟ್ಟು ಬಿದ್ದಿತ್ತು. ಅದನ್ನು ಮುಚ್ಚಿಕೊಳ್ಳಲು ಅವಳ ಮೇಲೇ ಏರಿ ಹೋದೆ. "ಹಾಗಾದ್ರೆ ಅವಳು ಬದುಕೋ ಮನಸ್ಸು ಮಾಡಿದ್ದಾಳೆ ಅಂದೆಯಲ್ಲ, ಅದಕ್ಕೆ ಆಧಾರ ಏನು? ಸೀರೆ ಹಸಿರಲ್ಲ. ಮಾತಿಲ್ಲ. ಸುಮ್ಮನೆ ಹೇಳಿಬಿಟ್ಟೆಯಾ?"

"ಬಳೆ ಸದ್ದು ಕೇಳುಸ್ತಲ್ರೀ," ಎಂದಳು.

"ಯಾವ ಬಳೆ?"

"ಅವುಳ್ದು. ಏಳ್ ಕಂತೂ ಅವ್ಳು ಪಾತ್ರೆ ತೊಳುದ್ಲು, ಫೈಲ್ ಎತ್ತಿಟ್ಲು, ಬಾಗ್ಲು ಆಕುದ್ಲು. ಒಂದ್ಸಲಾನೂ ಬಳೆ ಸದ್ದಿಲ್ಲ. ಕೊನೇಲಿ ಬೀಗ ಆಕುವಾಗ ಗಾಜಿನ ಬಳೆ ಸದ್ದು ಬಂತು. ತಾನೇ ತೊಟ್ಕೊಂಡವ್ಳೆ ಅಂತ ಆಯ್ತಲ್ಲ. ಇನ್ನೇನ್ ಮೈಕ್ ಇಟ್ಕಂಡ್ ಏಳ್ಬೇಕಾ?"

ಮತ್ತೆ ಹಾಕಿದೆ. ಈ ಸಲ ಕಣ್ಣು ಮುಚ್ಚಿ ಕೂತೆ. ಬೀಗದ ಕೈ ತಿರುಗಿತು, ಅದರ ಜೊತೆ ಬಳೆ ಸಣ್ಣಗೆ ಎರಡು ಸಲ ಸದ್ದು ಮಾಡಿತು. ಉದ್ದ ತೋಳಿನ ರವಿಕೆಯ ಒಳಗೆ ಬಳೆ ಕಾಣುವುದೇ ಇಲ್ಲ. ಮೊದಲ ಕಂತುಗಳನ್ನೂ ತಿರುವಿಹಾಕಿದೆ. ಹೆಂಡತಿ ಹೇಳಿದ್ದು ನಿಜ. ಕಣ್ಣಿದ್ದ ನಾವು ಯಾರೂ ನೋಡದ್ದನ್ನು ಟಿವಿಗೆ ಬೆನ್ನು ಹಾಕಿ ಕೂತವಳು ಹಿಡಿದಿದ್ದಳು.

ಆ ಮಧ್ಯಾಹ್ನವೆಲ್ಲ ನನ್ನ ಹಳೆಯ ಶಿಫಾರಸುಗಳನ್ನು ಒಂದೊಂದಾಗಿ ಅವಳ ಮುಂದಿಟ್ಟು ವಿಚಾರಿಸಿದೆ. ಒಂದು ಸೀರೀಸಿನಲ್ಲಿ ಅಣ್ಣ ಸುಳ್ಳು ಹೇಳುತ್ತಿದ್ದಾನೆ ಎಂದು ಎರಡನೇ ಕಂತಿಗೇ ಗೊತ್ತಾದದ್ದು ಯಾರಿಗೆ? ಅವಳಿಗೆ. ಅವನ ಉಸಿರು ಬದಲಾಗಿತ್ತಂತೆ. ಇನ್ನೊಂದು ತಮಿಳು ಸೀರೀಸ್ ಹಾಲ್ ಅಲ್ಲ, ರೂಮ್ ಎಂದದ್ದು? ಅವಳೇ. ಅವಳು ಮೊದಮೊದಲು ನಕ್ಕಳು. ಯಾಕೆ ಕೇಳುತ್ತಿದ್ದೇನೆಂದು ತಿಳಿದ ಮೇಲೆ ನಗಲಿಲ್ಲ.

"ಅಂದ್ರೆ ಇಷ್ಟ್ ವರ್ಷ ನಾನೇಳಿದ್ದುನ್ನೆಲ್ಲ ರೈಲಲ್ಲಿ ನಿಮ್ದು ಅಂತ ಏಳ್ಕಂಡು ತಿರುಗ್ತಿದ್ರಾ?"

"ನನ್ನದು ಅಂತಲೇ ನಂಬಿದ್ದೆ ಕಣೇ. ಬೇಕಂತ ಮಾಡಿದ್ದಲ್ಲ."

"ಬೇಕಂತ ಮಾಡಿದ್ರೆ ವಾಸಿಯಿತ್ತು," ಎಂದು ಮಷೀನು ತುಳಿಯತೊಡಗಿದಳು. ಚನ್ನರಾಯಪಟ್ಟಣದ ಕಾರ್ಯಕ್ರಮಕ್ಕೆ ಎರಡು ವಾರವಿತ್ತು. ಆಹ್ವಾನ ಪತ್ರಿಕೆಯಲ್ಲಿ ನನ್ನ ಹೆಸರು ಅಚ್ಚಾಗಿತ್ತು. ಅಲ್ಲಿ ನಿಂತು ನಾನು ಬಾಯಿಬಿಟ್ಟರೆ ಬರುವ ಒಂದೊಂದು ಮಾತೂ ಅವಳದು ಎಂದು ಈಗ ನನಗೆ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಸೋಮವಾರ ರೈಲಿನಲ್ಲಿ ಎಲ್ಲ ಹೇಳಿದೆ. ಸುಲಭವಾಗಿರಲಿಲ್ಲ. ಮೊದಲು ಸೀರೆಯ ವಿಷಯದಲ್ಲಿ ಹೆಡ್‌ಮಾಸ್ಟರು ಗೆದ್ದದ್ದನ್ನು ಒಪ್ಪಿಕೊಂಡೆ, ಆಮೇಲೆ ಬಳೆಯ ಮಾತು. ಮೇಡಂ ಅಲ್ಲೇ ಫೋನಿಗೆ ಇಯರ್‌ಫೋನ್ ಸಿಕ್ಕಿಸಿ ಕೊನೆಯ ದೃಶ್ಯ ಹಾಕಿದರು. ಒಂದು ತುದಿ ಅವರ ಕಿವಿಗೆ, ಇನ್ನೊಂದು ಹೆಡ್‌ಮಾಸ್ಟರ ಕಿವಿಗೆ. ರೈಲಿನ ಗದ್ದಲದಲ್ಲಿ ಮೂರು ಸಲ ಕೇಳಬೇಕಾಯಿತು.

"ಅದೆ ಸಾ," ಎಂದರು ಹೆಡ್‌ಮಾಸ್ಟರು. "ಬಳೆ ಅದೆ. ನಾನು ಸೀರೆ ನೋಡ್ಕಂಡು ಕುಂತಿದ್ದೆ, ಥೂ."

"ನಿಮಗೆ ಒಂದು ತಿಂಗಳು ಬಾಯಿ ಬಂದ್," ಎಂದರು ಮೇಡಂ ನನಗೆ. "ನೋಡದೇ ಹೇಳಿದ್ದಕ್ಕೆ. ನಮ್ಮಕ್ಕಂಗೆ ನಾನು ಹೇಳ್ತೀನಿ. ನಿಮ್ಮ ಮಿಸೆಸ್ಸೇ ಬರಲಿ."

ಹೆಂಡತಿ ಒಪ್ಪಲಿಲ್ಲ. ವೇದಿಕೆ, ಮೈಕು, ಹಾರ, ಅದೆಲ್ಲ ತನಗಲ್ಲ ಎಂದಳು. ನಾನು ಬರೆದುಕೊಡುತ್ತೇನೆ ಎಂದೆ. ಅದು ಇನ್ನೂ ದೊಡ್ಡ ತಪ್ಪು. "ನನ್ ಮಾತ್ನ ನೀವು ಬರುದ್ಕೊಟ್ಟು ನಾನು ಓದ್ಬೇಕಾ?" ಎಂದು ಕೇಳಿದಳು. ಕೊನೆಗೆ ಮೇಡಂ ಅಕ್ಕನೇ ಫೋನ್ ಮಾಡಿ ಏನು ಮಾತಾಡಿದರೋ, ಅವಳು ಒಂದು ಷರತ್ತು ಹಾಕಿ ಒಪ್ಪಿದಳು. ನಿಂತು ಮಾತಾಡುವುದಿಲ್ಲ, ಕೈಯಲ್ಲಿ ಕೆಲಸ ಇರಬೇಕು. "ಕೈ ಸುಮ್ನಿದ್ರೆ ನಂಗೆ ಬಾಯಿ ಬರಾಕಿಲ್ಲ," ಎಂದಳು.

ಸಂಘದ ಕೋಣೆ ಒಂದು ಅಂಗಡಿಯ ಮಹಡಿಯ ಮೇಲಿತ್ತು. ನಲವತ್ತು ಜನರಿದ್ದರೇನೋ, ಅವಳು ಮೂವತ್ತೂ ಇರಲಿಲ್ಲ ಎನ್ನುತ್ತಾಳೆ. ನಾನು ಹಿಂದಿನ ಸಾಲಿನ ತುದಿಯಲ್ಲಿ, ಇದ್ದ ಒಬ್ಬನೇ ಗಂಡಸು. ಅವಳು ಕುರ್ಚಿಯಲ್ಲಿ ಕೂತು ಮಡಿಲಲ್ಲಿ ಬ್ಲೌಸ್ ಹರಡಿಕೊಂಡು ಹುಕ್ಸು ಹಾಕತೊಡಗಿದಳು. ಮೊದಲ ಎರಡು ಹುಕ್ಸು ಹಾಕಿ ಮುಗಿಸಿದಳು. ಮೂರನೆಯದಕ್ಕೆ ದಾರ ಕಚ್ಚಿ ತುಂಡು ಮಾಡಿ, "ನೀವು ನೋಡುವಾಗ ಒಂದ್ಸಲ ಪಾತ್ರೆ ತೊಳೀತಾ ಕೇಳಿ," ಎಂದು ಶುರು ಮಾಡಿದಳು. "ಮುಖ ನೋಡುದ್ರೆ ಯಾಮಾರ್ತೀವಿ. ಒಳ್ಳೇ ನಟ್ರು ಮುಖದಲ್ಲಿ ಏನ್ ಬೇಕಾದ್ರೂ ಮಾಡ್ತಾರೆ."

ಒಂದು ಗಂಟೆಗೂ ಮೀರಿ ಮಾತಾಡಿದಳು. ಯಾವ ಸೀರೀಸಿನಲ್ಲಿ ಸಂಗೀತ ಹಾಕಿ ಅಳಿಸುತ್ತಾರೆ, ಯಾವುದರಲ್ಲಿ ಸಂಗೀತ ಇಲ್ಲದೇ ಅಳು ಬರುತ್ತದೆ, ಡಬ್ಬಿಂಗಿನಲ್ಲಿ ಯಾರ ದನಿ ಪಾತ್ರಕ್ಕೆ ಹೊಂದುವುದಿಲ್ಲ, ಎಲ್ಲ ಹೇಳಿದಳು. ಒಬ್ಬರು ಕೇಳಿದರು, ಕೆಲಸದ ಜಾಗದಲ್ಲಿ ಹೆಂಗಸಿಗೆ ತೊಂದರೆ ಕೊಡುವ ಇನ್ನೊಂದು ಸೀರೀಸಿನ ಕಥೆಯನ್ನು ನೋಡಬಹುದಾ ಎಂದು. ನಾನು ರೈಲಿನಲ್ಲಿ ಅದಕ್ಕೆ ಧೈರ್ಯವಾಗಿ 'ರೂಮ್' ಎಂದಿದ್ದೆ. ಅದು ಮಾತ್ರ ಪೂರ್ತಿ ನನ್ನದೇ ತೀರ್ಮಾನ.

"ಅದನ್ನ ಬಾಗ್ಲಾಕ್ಕೊಂಡು ಯಾಕ್ ನೋಡ್ಬೇಕು?" ಎಂದಳು. "ಮಗಳ್ನೂ ಮಗನ್ನೂ ಪಕ್ಕದಲ್ಲಿ ಕುಂಡ್ರುಸ್ಕಂಡು ನೋಡಿ. ಎಜಮಾನ್ರು ಮಧ್ಯ ಎದ್ದೋಗದಂಗೆ ಕಾಫಿ ಮೊದ್ಲೇ ಕೊಟ್ಬುಡಿ."

ಕೋಣೆಯೆಲ್ಲ ನಕ್ಕಿತು. "ನಿಮ್ಮನೆಯೋರು ನೋಡ್ತಾರಾ?" ಎಂದು ಮುಂದಿನ ಸಾಲಿನವರು ಕೇಳಿದರು.

"ಅರ್ಧ ನೋಡ್ತಾರೆ. ಉಳ್ದಿದ್ದ ಅರ್ಧಕ್ಕೆ ನಾನಿದೀನಿ," ಎಂದಳು ನನ್ನ ಕಡೆ ಒಮ್ಮೆ ನೋಡಿ. ಆ ನೋಟದಲ್ಲಿ ಸಿಟ್ಟಿರಲಿಲ್ಲ ಎಂದು ನನ್ನ ಅನಿಸಿಕೆ. ಕೇಳಿ ಖಚಿತಪಡಿಸಿಕೊಳ್ಳುವ ಧೈರ್ಯ ಇನ್ನೂ ಬಂದಿಲ್ಲ. ಎಲ್ಲರೂ ತಿರುಗಿ ನನ್ನನ್ನು ನೋಡಿದರು, ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಪಿಎಚ್‌.ಡಿ. ಬಂದ ದಿನವೂ ನಾನು ಅಷ್ಟು ನೆಟ್ಟಗೆ ಕೂತಿರಲಿಲ್ಲ.

ಕಾರ್ಯಕ್ರಮ ಮುಗಿದು ಉಪ್ಪಿಟ್ಟು ತಿನ್ನುವಾಗ ಬಾಗೂರಿನಿಂದ ಬಂದಿದ್ದ ಒಬ್ಬ ಹೆಂಗಸು ನಮ್ಮ ಕಡೆ ನಡೆದು ಬಂದರು. ತಮ್ಮೂರಿನ ಸ್ವಸಹಾಯ ಸಂಘದವರಿಗೂ ಹೀಗೆ ಒಂದು ದಿನ ಬಂದು ಹೇಳಬೇಕು ಎಂದರು. ಅಭ್ಯಾಸಬಲದಿಂದ ನಾನು ತಟ್ಟೆ ಕೆಳಗಿಟ್ಟು ದಿನ ಯಾವುದು ಎಂದು ಕೇಳಿದೆ. ಅವರು ನನ್ನನ್ನು ದಾಟಿ ಅವಳ ಮುಂದೆ ನಿಂತು, "ಯಾವತ್ತು ಬತ್ತೀರಕ್ಕ?" ಎಂದರು.

ಅವಳು ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು.

"ಮುಂದಿನ್ ತಿಂಗ್ಳು ಮದ್ವೆ ಆರ್ಡರ್ ಮುಗುದ್ ಮ್ಯಾಲೆ ಬತ್ತೀನಿ," ಎಂದಳು. "ಇವ್ರುಗೆ ಕಾಲೇಜು ರಜ ಇದ್ರೆ ಕರ್ಕಂಡ್ ಬತ್ತೀನಿ. ಇಲ್ದಿದ್ರೆ ಬಸ್ಸಿಗೆ ಒಬ್ಳೇ ಬತ್ತೀನಿ."