ಅರ್ಧ ಸ್ಪಂಜು

ನನ್ನ ದವಾಖಾನೆಗೆ ಯಾರೂ ಖುಷಿಯಿಂದ ಬರುವುದಿಲ್ಲ. ಹಲ್ಲು ನೋಯುತ್ತಿರುತ್ತದೆ, ಅದಕ್ಕಿಂತ ಹೆಚ್ಚಾಗಿ ನನ್ನ ಹೆದರಿಕೆ ಇರುತ್ತದೆ. ಒಳಗಿನಿಂದ ಡ್ರಿಲ್ಲಿನ ಸದ್ದು ಕೇಳುತ್ತ ಹೊರಗಿನ ಬೆಂಚಿನ ಮೇಲೆ ಕೂತವರಿಗೆ ನೋಡಲು ಏನಾದರೂ ಇರಲಿ ಎಂದು, ದೇಶಪಾಂಡೆ ನಗರದಲ್ಲಿ ಕ್ಲಿನಿಕ್ ತೆರೆದ ಹೊಸದರಲ್ಲೇ ಒಂದು ಚಿಕ್ಕ ಗಾಜಿನ ಟ್ಯಾಂಕು ತಂದು ಗೋಲ್ಡ್‌ಫಿಶ್ ಬಿಟ್ಟಿದ್ದೆ. ಜನ ಅವುಗಳನ್ನೇ ನೋಡುತ್ತ ಕೂರುತ್ತಿದ್ದರು. ಮೀನುಗಳು ಬೆಳೆದು ಅಂಗೈಯಷ್ಟಾದವು. ತಿರುಗಲು ಜಾಗ ಸಾಲದೆ ಒಂದರ ಬಾಲ ಇನ್ನೊಂದರ ಮುಖಕ್ಕೆ ಬಡಿಯತೊಡಗಿತು. ಕಳೆದ ಬೇಸಿಗೆ ಮುಗಿಯುವ ಹೊತ್ತಿಗೆ ಗೋಕುಲ ರಸ್ತೆಯ ಅಂಗಡಿಯಿಂದ ಗೋಡೆಯ ಉದ್ದಕ್ಕೂ ಕೂರುವಂಥ ದೊಡ್ಡ ಅಕ್ವೇರಿಯಂ ತರಿಸಿದೆ.

ನನ್ನ ಕಸುಬಿನಲ್ಲಿ ರೋಗಿಯ ಬಾಯಿಗೆ ಹೋಗುವ ಪ್ರತಿಯೊಂದು ಸಾಮಾನೂ ಉಗಿಯಲ್ಲಿ ಬೆಂದು ಬರಬೇಕು. ಅದೇ ಶಿಸ್ತು ಇಲ್ಲಿಯೂ ನಡೆಯಿತು. ಹಳೆಯ ಟ್ಯಾಂಕಿನ ತಳದ ಹರಳುಗಳನ್ನೆಲ್ಲ ಕುದಿಯುವ ನೀರಿಗೆ ಹಾಕಿ, ತಿಕ್ಕಿ ತೊಳೆದು, ಹೊಳೆಯುವಂತೆ ಮಾಡಿ ಹೊಸದರಲ್ಲಿ ಹರಡಿದೆ. ಫಿಲ್ಟರ್ ಹೊಸದು, ನೀರೂ ಹೊಸದು. ಹಳೆಯ ಟ್ಯಾಂಕನ್ನು ಅದರ ಫಿಲ್ಟರಿನ ಸಮೇತ ಧಾರವಾಡದ ಅಣ್ಣನ ಮನೆಗೆ ಕೊಟ್ಟೆ. ವೈನಿಗೆ, ಅಂದರೆ ಅಣ್ಣನ ಹೆಂಡತಿಗೆ, ಗಪ್ಪಿ ಮೀನು ಸಾಕುವ ಆಸೆಯಿತ್ತು. ಫಿಲ್ಟರಿನೊಳಗಿನ ಸ್ಪಂಜು ಕಂದು ಬಣ್ಣಕ್ಕೆ ತಿರುಗಿ ಲೋಳೆ ಹಿಡಿದಿತ್ತು. ಹಾಗೇ ಕೊಡಲು ನನಗೆ ನಾಚಿಕೆಯಾಗಿ, "ಇದನ್ನ ಬದಲಿ ಮಾಡ್ರಿ ವೈನಿ" ಎಂದು ಹೇಳಿಯೇ ಕಳಿಸಿದೆ.

ಮೊದಲು ಎಲ್ಲವೂ ಚೆನ್ನಾಗಿತ್ತು. ಮೀನುಗಳು ಈ ತುದಿಯಿಂದ ಆ ತುದಿಗೆ ಓಡಾಡಿದವು. ಆಮೇಲೆ ಒಂದು ಮುಂಜಾನೆ ನಾನು ಬರುವಾಗ ಎಲ್ಲವೂ ನೀರಿನ ಮೇಲೆ ಗುಂಪಾಗಿ ಬಾಯಿ ತೆರೆದು ಮುಚ್ಚುತ್ತಿದ್ದವು.

ರಿಸೆಪ್ಷನ್ ನೋಡಿಕೊಳ್ಳುವ ಅಕ್ಕ ನನಗಿಂತ ಮೊದಲೇ ಬಂದು ನೋಡಿದ್ದಳು. "ಮೇಡಂ, ಇವಕ್ಕ ಹಸಿವಿ ಆಗೇದ ನೋಡ್ರಿ. ಮ್ಯಾಲೆ ಬಂದು ಕೇಳಾಕತ್ತಾವ" ಅಂದಳು.

ನನಗೂ ಹಾಗೇ ಅನ್ನಿಸಿತು. ದೊಡ್ಡ ಜಾಗ, ಹೆಚ್ಚು ಓಡಾಟ, ಹೆಚ್ಚು ಹಸಿವು. "ಹಾಕ್ರಿ ಇನ್ನೊಂಚೂರು" ಅಂದೆ. ಮಧ್ಯಾಹ್ನವೂ ಅವು ಮೇಲೆಯೇ ಇದ್ದವು, ಆಕೆ ಮತ್ತೆ ಹಾಕಿದಳು. ಸಂಜೆಯೂ ಹಾಕಿದಳು. ತಿನ್ನದೆ ಬಿಟ್ಟ ಆಹಾರದ ಕಾಳು ಹರಳಿನ ಸಂದಿಗೆ ಇಳಿಯುತ್ತಿತ್ತು.

ನಮ್ಮ ಹಳೆಯ ಪೇಷಂಟ್ ಒಬ್ಬರಿದ್ದಾರೆ, ನಿವೃತ್ತ ಮಾಸ್ತರು. ಕುರ್ಚಿಯ ಮೇಲೆ ಒರಗಿದವರು ಬಾಯಿ ತೆರೆಯುವ ಮೊದಲು, "ಡಾಕ್ಟರ್ರ, ನಿಮ್ಮ ಮೀನಿಗೆ ದಮ್ಮು ಹತ್ತಿದಂಗ ಕಾಣತದ. ನನಗೂ ಹಂಗ ಆಗ್ತಿರ್ತದ, ಅದಕ್ಕ ಗೊತ್ತಾತು" ಅಂದರು.

ನಾನು ಅವರ ಹಲ್ಲು ನೋಡಿದೆ. ಏನು ನೋಡಿದೆನೋ, ಬರೆದುಕೊಳ್ಳುವಾಗ ಮತ್ತೊಮ್ಮೆ ಬಾಯಿ ತೆರೆಸಬೇಕಾಯಿತು. ಅವರು ಹೋದ ಮೇಲೆ ಟ್ಯಾಂಕಿನ ಮುಂದೆ ಕೂತು ಸರಿಯಾಗಿ ನೋಡಿದೆ. ಕಿವಿರುಗಳು ಕೆಂಪಾಗಿದ್ದವು. ಎಲ್ಲಕ್ಕಿಂತ ದೊಡ್ಡದಾದ ಕರಿ ಮೀನು ರೆಕ್ಕೆಗಳನ್ನು ಮೈಗೆ ಒತ್ತಿಕೊಂಡು ತಳದಲ್ಲಿ ಕೂತಿತ್ತು.

ಪೇಷಂಟುಗಳ ನಡುವೆ ಸಿಕ್ಕ ಸಮಯದಲ್ಲಿ ಮೊಬೈಲಿನಲ್ಲಿ ಓದಿದೆ. ಗೋಕುಲ ರಸ್ತೆಗೆ ಹೋಗಿ ಅಮೋನಿಯಾ ಪರೀಕ್ಷೆಯ ಕಿಟ್ ತಂದೆ. ಗಾಜಿನ ಕೊಳವೆಯಲ್ಲಿ ಟ್ಯಾಂಕಿನ ನೀರು ಹಿಡಿದು ಹನಿ ಬಿಟ್ಟು ಕಾಯಬೇಕು. ನೀರು ಹಳದಿಯಾದರೆ ಚಿಂತೆಯಿಲ್ಲ. ನನ್ನದು ನೋಡನೋಡುತ್ತಲೇ ಪಾಲಕ್ ಸೊಪ್ಪಿನಂತೆ ಹಸಿರಾಯಿತು. ಹಸಿರು ಗಾಢವಾದಷ್ಟೂ ವಿಷ ಹೆಚ್ಚು.

ಆಗಿದ್ದು ಇಷ್ಟು. ಮೀನಿನ ಹೊಲಸು, ಕೊಳೆತ ಕಾಳು ಎಲ್ಲವೂ ಅಮೋನಿಯಾ ಆಗುತ್ತವೆ. ಅದನ್ನು ತಿಂದು ಮುಗಿಸುವ ಬ್ಯಾಕ್ಟೀರಿಯಾ ಹಳೆಯ ಹರಳಿನಲ್ಲಿ, ಹಳೆಯ ಸ್ಪಂಜಿನಲ್ಲಿ ಮನೆ ಮಾಡಿಕೊಂಡಿರುತ್ತವೆ. ಹರಳಿನಲ್ಲಿದ್ದವನ್ನು ನಾನು ಬೇಯಿಸಿದ್ದೆ. ಸ್ಪಂಜಿನಲ್ಲಿದ್ದವನ್ನು ಧಾರವಾಡಕ್ಕೆ ಕಳಿಸಿದ್ದೆ. ಜನರ ಹಲ್ಲಿನಿಂದ ದಿನವಿಡೀ ಕೆರೆದು ತೆಗೆಯುವಂಥದ್ದೇ ಲೋಳೆ ಅದು. ಅದರ ಮೇಲೆ ಮೀನಿನ ಜೀವ ನಿಂತಿದೆ ಎಂದು ನನಗೆ ಹೊಳೆದಿರಲಿಲ್ಲ.

ತಕ್ಷಣ ಮಾಡಬೇಕಾದದ್ದು ಎರಡು: ಕಾಳು ನಿಲ್ಲಿಸುವುದು, ನೀರು ಬದಲಿಸುವುದು. ಕಾಳು ನಿಲ್ಲಿಸಿದೆ. ನೀರು ಎಲ್ಲಿಂದ ತರಲಿ? ನಮ್ಮಲ್ಲಿ ನಳದ ನೀರು ಬಂದ ದಿನ ಬಂತು, ಇಲ್ಲದಿದ್ದರೆ ಇಲ್ಲ. ಮಾಳಿಗೆಯ ಮೇಲಿನ ಸಿಂಟೆಕ್ಸಿನ ನೀರಿನಲ್ಲೇ ರೋಗಿಯ ಕುರ್ಚಿಯ ಕೆಲಸವೂ ನಡೆಯಬೇಕು, ಸಾಮಾನೂ ತೊಳೆಯಬೇಕು. ಬೋರ್‌ವೆಲ್ಲಿನದು ಕ್ಷಾರ ಹೆಚ್ಚಿರುವ ಸವಳು ನೀರು, ಆ ಬಗೆಯ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ಏರುತ್ತದಂತೆ. ನಮ್ಮ ಯಜಮಾನರು ಮನೆಯಲ್ಲಿ ತುಂಬಿಟ್ಟ ನಳದ ನೀರನ್ನು ಕ್ಯಾನಿನಲ್ಲಿ ಸ್ಕೂಟರಿನ ಮುಂದೆ ಇಟ್ಟುಕೊಂಡು ತಂದು ಬಕೆಟ್ಟಿಗೆ ಸುರಿದರು. ಕ್ಲೋರಿನ್ ತೆಗೆಯುವ ಹನಿ ಹಾಕಿ ಅದನ್ನೇ ಟ್ಯಾಂಕಿಗೆ ಬಿಟ್ಟೆ. ಪರೀಕ್ಷೆಯ ಬಣ್ಣ ತುಸು ತಿಳಿಯಾಗುತ್ತಿತ್ತು. ಮರುದಿನ ನೋಡಿದರೆ ಮತ್ತೆ ಹಸಿರು. ಬೆಂಚಿನ ಮೇಲಿನ ಜನ ಮೀನು ನೋಡುವುದನ್ನು ಬಿಟ್ಟು ಬಾಗಿಲ ಕಡೆ ಮುಖ ಮಾಡಿ ಕೂರತೊಡಗಿದರು.

ಕರಿ ಮೀನು ಸತ್ತಿತು. ಬಲೆಯಲ್ಲಿ ಅದನ್ನು ಎತ್ತಿದ್ದು ರಿಸೆಪ್ಷನ್ನಿನ ಅಕ್ಕನೇ. ಹಿತ್ತಲಿನ ಕುಂಡದಲ್ಲಿ ಹುಗಿದು ಬಂದು ಕೈ ಒರೆಸಿಕೊಳ್ಳುತ್ತ, "ತಿನಿಸಿ ತಿನಿಸಿ ನಾನ ಕೊಂದ್ನೇನ್ರಿ ಮೇಡಂ?" ಅಂದಳು.

"ಹಾಕ್ರಿ ಅಂದಾಕಿ ನಾನ ಅಲ್ಲೇನ್ರಿ" ಅಂದೆ.

ಉಳಿದಿದ್ದ ದಾರಿ ಒಂದೇ, ಬ್ಯಾಕ್ಟೀರಿಯಾ ಇರುವ ಆ ಹಳೆಯ ಸ್ಪಂಜು. ಫೋನ್ ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದೆ. ವೈನಿಗೂ ನನಗೂ ಜಗಳವೇನೂ ಇರಲಿಲ್ಲ. ಅವ್ವ ಹೋದ ಮೇಲೆ ಹಬ್ಬಕ್ಕೆ ಫೋನ್ ಮಾಡುವುದು, ಆರಾಮ ಏನು ಅಂತ ಕೇಳುವುದು, ಅಷ್ಟೇ ಉಳಿದಿತ್ತು. ಕೊಟ್ಟದ್ದನ್ನು ವಾಪಸ್ ಕೇಳುವಷ್ಟು ಸಲಿಗೆ ಇದೆಯೋ ಇಲ್ಲವೋ ತಿಳಿಯಲಿಲ್ಲ. ಅದಕ್ಕಿಂತ ದೊಡ್ಡ ಭಯ ಬೇರೆ. ಬದಲಿ ಮಾಡಿರಿ ಎಂದು ನಾನೇ ಹೇಳಿದ್ದೆ.

"ವೈನಿ, ಆ ಟ್ಯಾಂಕಿನ ಹಳೇ ಸ್ಪಂಜ್ ಒಗದ್ರೇನು?"

ಒಗೆಯುವುದೆಂದರೆ ನಮ್ಮ ಕಡೆ ತೊಳೆಯುವುದೂ ಹೌದು, ಎಸೆಯುವುದೂ ಹೌದು. ಎರಡರಲ್ಲಿ ಯಾವುದಾಗಿದ್ದರೂ ನನ್ನ ಕೆಲಸ ಕೆಟ್ಟಂತೆಯೇ.

"ಇಲ್ಲವಾ. ಹೊಸಾದು ತರಬೇಕು ಅಂತ ಹಂಗ ಬಿಟ್ಟೇನಿ. ಬೈಬ್ಯಾಡ ಮತ್ತ."

ಸದ್ಯ, ಸ್ಪಂಜು ಉಳಿದಿತ್ತು. "ನಿಮ್ಮ ಗಪ್ಪಿ ಹೆಂಗದಾವ?"

"ಛಲೋ ಅದಾವ. ಮರಿ ಹಾಕ್ಯಾವ, ಜೀರಿಗಿಯಂಥಾ ಮರಿ."

ಎಲ್ಲವನ್ನೂ ಹೇಳಿದೆ. ಬೇಯಿಸಿದ್ದು, ಹಸಿರು ಬಣ್ಣ, ಸತ್ತ ಮೀನು. ಹಳೆಯ ಸ್ಪಂಜು ಬೇಕಾಗಿದೆ ಎಂದೆ. ವೈನಿ ಕೇಳಿದರು, "ಅದನ್ನ ನಿನಗ ಕೊಟ್ರ ನನ್ನ ಮರಿಗೋಳ ಗತಿ ಏನು?"

"ಅದೂ ಖರೇನ ಬಿಡ್ರಿ ವೈನಿ" ಅಂದೆ.

"ಅರ್ಧಾ ಕತ್ತರಿಸಿ ತರ್ತೇನಿ. ಹೆಂಗ ತರಬೇಕ ಹೇಳು."

"ಆ ಟ್ಯಾಂಕಿನ ನೀರಾಗ ಮುಳುಗಿಸಿ ತರ್ರಿ. ನಳದ ನೀರು ತಾಗಿಸಬ್ಯಾಡ್ರಿ. ಒಣಗಬಾರದು. ಲಗೂ ಬರ್ರಿ ವೈನಿ."

ಆ ಮಧ್ಯಾಹ್ನ ಒಬ್ಬರಿಗೆ ರೂಟ್ ಕೆನಾಲ್ ಮಾಡುತ್ತಿದ್ದೆ. ಕೈ ಅಲ್ಲಿತ್ತು, ಕಿವಿ ಬಾಗಿಲಿನ ಕಡೆ ಇತ್ತು. ಬಸ್ಸಿನಲ್ಲಿ ನೀರು ಚೆಲ್ಲಿದರೆ, ಡಬ್ಬಿ ಬಿಸಿಲಿಗೆ ಕಾಯ್ದರೆ ಎಂದೆಲ್ಲ ತಲೆಗೆ ಬರುತ್ತಿತ್ತು. ಕೆಲಸ ಮುಗಿಸಿ ಹೊರಗೆ ಬಂದಾಗ ವೈನಿ ಬೆಂಚಿನ ಮೇಲೆ ಸ್ಟೀಲಿನ ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಿಂದ ಹಿಡಿದು ಕೂತಿದ್ದರು. ಸೀರೆಯ ಮುಂಭಾಗ ತೊಯ್ದಿತ್ತು. ಮುಚ್ಚಳ ತೆಗೆದಾಗ ಪಕ್ಕದ ಹೆಂಗಸು ಇಣುಕಿ, "ಎಣಗಾಯಿ ಏನ್ರಿ?" ಎಂದು ಕೇಳಿದಳು. ಎಣ್ಣೆಯಲ್ಲಿ ಬೆಂದ ಬದನೆಕಾಯಿಯಂತೆ ಕಂಡಿರಬೇಕು ಆಕೆಗೆ.

ಆ ಕಂದು ಸ್ಪಂಜನ್ನು ಹೊಸ ಫಿಲ್ಟರಿನ ಒಳಗೆ, ನೀರು ಹಾದು ಹೋಗುವಲ್ಲಿ ತುರುಕಿದೆ. ನೀರು ಒಂದಿಷ್ಟು ಕದಡಿತು.

"ಈಗ ಆರಾಮ ಆಗತಾವೇನು?" ವೈನಿ ಕೇಳಿದರು.

"ಗೊತ್ತಿಲ್ಲರಿ."

ಆಮೇಲಿನ ದಿನಗಳಲ್ಲಿ ವೈನಿ ದಿನಾ ಮುಂಜಾನೆ ಫೋನ್ ಮಾಡುತ್ತಿದ್ದರು. "ಯಾವ ಬಣ್ಣ?" ಎಂಬುದೇ ಮೊದಲ ಮಾತು. ಹಸಿರೇ ವೈನಿ. ತುಸು ತಿಳಿ ಹಸಿರು ವೈನಿ. ನಾನು "ಮರಿ?" ಎಂದರೆ "ಆರಾಮ ಅದಾವ" ಅನ್ನುತ್ತಿದ್ದರು. ಅಲ್ಲಿಂದ ಮಾತು ಅಡಿಗೆಗೆ, ಅಣ್ಣನ ಮೊಣಕಾಲಿಗೆ, ಅವ್ವನ ಸೀರೆಗಳಿಗೆ ಹೊರಳುತ್ತಿತ್ತು. ಒಂದು ದಿನ ಕೊಳವೆಯ ನೀರು ಹಳದಿಯಾಯಿತು. ಖುಷಿಪಡುವಷ್ಟರಲ್ಲಿ ಇನ್ನೊಂದು ಪರೀಕ್ಷೆಯಲ್ಲಿ ನೈಟ್ರೈಟ್ ಏರಿದ್ದು ಕಂಡಿತು. ಅಮೋನಿಯಾವನ್ನು ಬ್ಯಾಕ್ಟೀರಿಯಾ ತಿಂದಾಗ ಆಗುವ ಎರಡನೆಯ ವಿಷ ಅದು. ಮತ್ತೆ ಕ್ಯಾನು, ಮತ್ತೆ ಸ್ಕೂಟರು. ಕೊನೆಗೆ ಅದೂ ಇಳಿಯಿತು. ಮೀನುಗಳು ಮೇಲಿನಿಂದ ಇಳಿದು ನಡುನೀರಿನಲ್ಲಿ ಆಡತೊಡಗಿದವು. ಒಂದರ ಬಾಲದ ಅಂಚು ಹರಿದದ್ದು ಹಾಗೇ ಉಳಿಯಿತು.

ಶ್ರಾವಣದಲ್ಲಿ ಧಾರವಾಡಕ್ಕೆ ಹೋದೆ. ಚಪ್ಪಲಿ ಬಿಟ್ಟವಳೇ ಟ್ಯಾಂಕಿನ ಹತ್ತಿರ ಹೋಗಿ ನೋಡಿದೆ. ದೊಡ್ಡ ಗಪ್ಪಿಗಳು ಇದ್ದವು. ಮರಿಗಳನ್ನು ಹುಡುಕಿದೆ; ಗಿಡದ ಎಲೆಯ ಹಿಂದೆ ಎಲ್ಲೋ ಒಂದೆರಡು ಕಂಡವು.

"ಉಳಿದ ಮರಿ ಎಲ್ಲಿ ವೈನಿ?"

ಅವರು ಚಹಾ ಸೋಸುತ್ತಿದ್ದರು. "ನಿನಗ ಕೊಟ್ಟ ವಾರದಾಗ ಹೋದವು. ಅರ್ಧಾ ಸ್ಪಂಜ್ ಅವಕ್ಕ ಸಾಲಲಿಲ್ಲ ಕಾಣತದ."

"ದಿನಾ ಆರಾಮ ಅದಾವ ಅಂತಿದ್ರಿ?"

"ಹೇಳಿದ್ರ ನೀ ಅದನ್ನ ತಗದ ವಾಪಸ್ ತಂದ ಕೊಡತಿದ್ದಿ," ಅಂದರು. "ಚಹಾ ಆರತದ, ತಗೋ."